ಹಂತಗಳಿಲ್ಲದ ಉತ್ತರ

ಜೂನ್ 10

ಮೂಲ ಗಣಿತ ತರಗತಿಗೆ ಸೇರಿರುವ ಎಲ್ಲರಿಗೂ,

ಈ ಹಾಳೆಯನ್ನು ಎರಡು ಸಲ ಓದಿ. ಮೂರನೇ ಸಲ ಓದಬೇಕಾಗಿ ಬಂದರೆ ನೀವು ಈ ತರಗತಿಗೂ ತಕ್ಕವರಲ್ಲ ಎಂದು ತಿಳಿಯಿರಿ.

ಒಂದು: ತರಗತಿ ಬೆಳಿಗ್ಗೆ ಏಳಕ್ಕೆ. ಏಳಾದ ಕೂಡಲೇ ಬಾಗಿಲು ಹಾಕುತ್ತೇನೆ. ತಟ್ಟಬೇಡಿ.

ಎರಡು: ಬಾಗಿಲ ಹೊರಗೆ ನಿಂತದ್ದೂ ಗೈರುಹಾಜರಿಯೇ. ಅದು ಮೂರು ದಾಟಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಮೂರು: ಮೊಬೈಲು, ಕ್ಯಾಲ್ಕ್ಯುಲೇಟರು ಬಾಗಿಲ ಬಳಿಯ ಬುಟ್ಟಿಗೆ.

ನಾಲ್ಕು: ಮನೆಗೆಲಸ ಒಂದು ದಿನ ತಡವಾದರೂ ತೆಗೆದುಕೊಳ್ಳುವುದಿಲ್ಲ. ನಾನು ಕಾರಣ ಕೇಳುವುದಿಲ್ಲ, ನೀವು ಹೇಳಬೇಡಿ.

ಐದು: ಪ್ರತಿ ಲೆಕ್ಕಕ್ಕೂ ಹಂತಗಳನ್ನು ಬರೆಯಬೇಕು. ಹಂತಗಳಿಲ್ಲದ ಉತ್ತರ ಸರಿಯಿದ್ದರೂ ಸೊನ್ನೆ. ಅದನ್ನು ಪಕ್ಕದವರಿಂದ ಕದ್ದದ್ದೆಂದೇ ಪರಿಗಣಿಸುತ್ತೇನೆ.

ಆರು: ನೂರಕ್ಕೆ ನಲವತ್ತು ಬಂದರೆ ಪಾಸು. ಮೂವತ್ತೊಂಬತ್ತೂವರೆ ನಲವತ್ತಲ್ಲ.

ಏಳು: ಮರುಪರೀಕ್ಷೆ ಇಲ್ಲ.

ಎಂಟು: ನನಗೆ ಏನೇ ಹೇಳುವುದಿದ್ದರೂ ಬರೆದು ಸ್ಟಾಫ್ ರೂಮಿನ ಹೊರಗಿನ ಪೆಟ್ಟಿಗೆಗೆ ಹಾಕಿ. ಬರೆದೇ ಉತ್ತರಿಸುತ್ತೇನೆ. ವರಾಂಡದಲ್ಲಿ ಅಡ್ಡಗಟ್ಟಬೇಡಿ, ಅಳಬೇಡಿ.

ಇಲ್ಲಿರುವವರೆಲ್ಲ ಶಾಲೆಯಲ್ಲೇ ಕಲಿಯಬೇಕಿದ್ದುದನ್ನು ಕಲಿಯದೆ ಬಂದವರು. ಅದಕ್ಕೆ ನಾನು ಹೊಣೆಯಲ್ಲ. ಕೆಳಗೆ ಸಹಿ ಹಾಕಿ ಶುಕ್ರವಾರದೊಳಗೆ ಹಿಂದಿರುಗಿಸಿ.

ಉಪನ್ಯಾಸಕಿ, ಮೂಲ ಗಣಿತ


ಜೂನ್ 13

ಲೇ ಸ್ಕೇಲು,

ಹಾಳೆಯ ಮುಂದೆ ಸಹಿ ಹಾಕಿದ್ದೇನೆ. ಹಿಂಬದಿ ಖಾಲಿ ಇತ್ತು, ಎಂಟನೇ ನಿಯಮದ ಪ್ರಕಾರ ಅಲ್ಲೇ ಬರೆಯುತ್ತಿದ್ದೇನೆ. ನೀನೇ ತಾನೆ? ಹಾಜರಿ ಕರೆಯುವಾಗ ನನ್ನ ಹೆಸರಿಗೆ ಬಂದು ಒಂದು ಗಳಿಗೆ ನಿಂತೆಯಲ್ಲ, ಆಗಲೇ ಅನುಮಾನ ಬಂತು. ಆಮೇಲೆ ಬೋರ್ಡಿನ ಮೇಲೆ ಉತ್ತರ ಬರೆದು, ಸ್ಕೇಲಿಟ್ಟು ಕೆಳಗೆ ಎರಡು ಗೆರೆ ಎಳೆದೆ ನೋಡು, ಅಯ್ಯೋ, ಇದು ನಮ್ಮ ಸ್ಕೇಲೇ ಅಂತ ಖಾತ್ರಿಯಾಯಿತು. ಕೂದಲು ನೆರೆತರೂ ಗೆರೆ ಮಾತ್ರ ಹಾಗೇ ಇದೆ ಕಣೇ!

ನಾನು ಎಡಚಿ. ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ನಿನ್ನ ಬಲಗಡೆ ಕೂತವಳು. ನನ್ನ ಎಡ ಮೊಣಕೈ ನಿನ್ನ ಬಲ ಮೊಣಕೈಗೆ ದಿನಾ ತಗುಲಿ, ನೀನು ‘ಆಚೆ ಸರ್ಕೊಳೇ’ ಅಂತ ಗೊಣಗುತ್ತಿದ್ದೆ. ಮರೆತಿರಲಾರೆ.

ನಾನು ಯಾಕೆ ಬಂದೆ ಅಂತ ಹೇಳಿಬಿಡುತ್ತೇನೆ. ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಲೋಷನ್ ಬೆರೆಸುತ್ತೇನೆ, ಸಿರಪ್ ಅಳೆದು ಬಾಟಲಿಗೆ ತುಂಬುತ್ತೇನೆ. ನೂರಕ್ಕೆ ಐದರ ಲೋಷನ್ನನ್ನು ನೂರಕ್ಕೆ ಎರಡಕ್ಕೆ ಇಳಿಸಿ ಎರಡೂವರೆ ಲೀಟರ್ ಕೊಡು ಅಂದರೆ, ಕೇಳಿದವರು ಬಾಯಿ ಮುಚ್ಚುವುದರೊಳಗೆ ಲೋಷನ್ ಒಂದು ಲೀಟರ್, ನೀರು ಒಂದೂವರೆ ಅಂತ ಹೇಳಿರುತ್ತೇನೆ. ಒಂದು ದಿನ ತಪ್ಪಿಲ್ಲ. ಈಗ ಹೊಸ ಆಡಳಿತಾಧಿಕಾರಿ ಬಂದಿದ್ದಾರೆ. ಔಷಧಿ ಅಳೆಯುವವರೆಲ್ಲ ಕಾಲೇಜಿನ ಮೂಲ ಗಣಿತ ಪಾಸಾದ ಕಾಗದ ತರಬೇಕಂತೆ. ಮಾರ್ಚ್ ಮೂವತ್ತೊಂದು ಗಡುವು. ತರದಿದ್ದರೆ ನೆಲಮಾಳಿಗೆಯ ಲಾಂಡ್ರಿಗೆ.

ಲಾಂಡ್ರಿ ಕೆಲಸ ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ಔಷಧಿ ಕೋಣೆಯ ಕಿಟಕಿಗೆ ದೊಡ್ಡ ಡಾಕ್ಟರೂ ಬಂದು ‘ಎಷ್ಟಮ್ಮ ಇದು?’ ಅಂತ ನನ್ನನ್ನು ಕೇಳುತ್ತಾರೆ. ನಾನು ಹೇಳಿದ್ದನ್ನು ನಂಬಿಕೊಂಡು ಹೋಗುತ್ತಾರೆ. ನನ್ನ ಜೀವಮಾನದಲ್ಲಿ ನನ್ನ ಮಾತು ನಂಬಿದ ಜಾಗ ಅದೊಂದೇ. ಅದನ್ನು ಬಿಟ್ಟುಕೊಡಲು ನನ್ನಿಂದ ಆಗದು.

ನೀನಿದ್ದೀಯ ಅಂತ ಗೊತ್ತಾದ ಮೇಲೆ ಧೈರ್ಯ ಬಂದಿದೆ.

ನಿನ್ನ
ಎಡಚಿ


ಜೂನ್ 17

ವಿದ್ಯಾರ್ಥಿನಿ, ಕ್ರಮಸಂಖ್ಯೆ 23,

ನಿಯಮಗಳ ಹಾಳೆಯ ಹಿಂಬದಿ ಪತ್ರ ಬರೆಯುವುದಕ್ಕಲ್ಲ. ಹೊಸ ಹಾಳೆ ಕಳಿಸಿದ್ದೇನೆ. ಇನ್ನೊಮ್ಮೆ ಸಹಿ ಮಾಡಿ ಕೊಡಿ.

ನನ್ನನ್ನು ಮೇಡಂ ಎಂದು ಕರೆಯಬೇಕು. ಅಡ್ಡಹೆಸರುಗಳಿಗೆ ಇನ್ನು ಉತ್ತರವಿಲ್ಲ. ಆಸ್ಪತ್ರೆಯಲ್ಲಿ ನಿಮ್ಮನ್ನು ಯಾರು ನಂಬುತ್ತಾರೆ ಎಂಬುದು ಈ ತರಗತಿಯ ವಿಷಯವಲ್ಲ.

ಕೊನೆಯ ಸಾಲಿನ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಒಂಟಿ ಬೆಂಚು ಇದೆ. ನಾಳೆಯಿಂದ ಅಲ್ಲಿ ಕುಳಿತುಕೊಳ್ಳಿ. ಬೇರೆಯವರ ಕಾಗದ ನಿಮಗೆ ಕಾಣಬಾರದು, ನಿಮ್ಮದು ಬೇರೆಯವರಿಗೆ ಕಾಣಬಾರದು.

ಉಪನ್ಯಾಸಕಿ


ಆಗಸ್ಟ್ 5

ಪೂಜ್ಯ ಮೇಡಂ ಅವರಿಗೆ,

ನೋಡಿ, ಕಲಿತೆ.

ನಿನ್ನೆ ಕೊಟ್ಟ ಪರೀಕ್ಷೆಯ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ. ಹತ್ತು ಲೆಕ್ಕ. ಹತ್ತೂ ಉತ್ತರ ಸರಿ. ಐವತ್ತಕ್ಕೆ ಸೊನ್ನೆ. ಹತ್ತು ಉತ್ತರದ ಪಕ್ಕ ಹತ್ತು ಸೊನ್ನೆಗಳನ್ನು ಎಷ್ಟು ಚೆಂದವಾಗಿ ಒಂದರ ಕೆಳಗೊಂದು ಬರೆದಿದ್ದೀರಿ, ಒಂದೂ ಸೊಟ್ಟಗಿಲ್ಲ.

ಅದು ಹೋಗಲಿ ಎನ್ನಬಹುದು. ಆದರೆ ಇಡೀ ತರಗತಿಯ ಎದುರು, ‘ಇಪ್ಪತ್ಮೂರು, ಎದ್ದು ನಿಲ್ಲಿ. ಹತ್ತಕ್ಕೆ ಹತ್ತೂ ಸರಿ ಇದೆ. ಯಾರದ್ದು ನೋಡಿ ಬರೆದ್ರಿ?’ ಅಂತ ಕೇಳಿದಿರಿ. ಒಂಟಿ ಬೆಂಚಿನಲ್ಲಿ ಕೂರಿಸಿದ್ದು ನೀವೇ. ನನ್ನ ಪಕ್ಕ ಗೋಡೆ ಬಿಟ್ಟು ಇನ್ನೇನಿದೆ? ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ, ‘ಗೋಡೆದು, ಮೇಡಂ’ ಅಂತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀವು ನಗಲಿಲ್ಲ. ‘ನಿಂತೇ ಇರಿ’ ಅಂದಿರಿ. ನಲವತ್ತೊಂದು ವರ್ಷದ ಹೆಂಗಸು, ಗಂಟೆ ಹೊಡೆಯುವವರೆಗೆ ನಿಂತೇ ಇದ್ದೆ. ಮುಂದಿನ ಬೆಂಚಿನವರು ತಿರುಗಿ ತಿರುಗಿ ನೋಡುತ್ತಿದ್ದರು.

ಮೇಡಂ, ನನಗೆ ಹಂತ ಅಂದರೆ ಏನು ಬರೆಯಬೇಕು ಅಂತಲೇ ತಿಳಿಯುವುದಿಲ್ಲ. ಲೆಕ್ಕ ಓದಿ ಮುಗಿಸುವಾಗ ಉತ್ತರ ಬಂದು ಕೂತಿರುತ್ತದೆ. ನನ್ನನ್ನು ಬೋರ್ಡಿನ ಹತ್ತಿರ ಕರೆದು ಯಾವ ಲೆಕ್ಕ ಬೇಕಾದರೂ ಬಾಯಲ್ಲಿ ಕೇಳಿ. ಒಂದು ತಪ್ಪಿದರೂ ನಾಳೆಯಿಂದ ಬರುವುದಿಲ್ಲ. ಒಂದೇ ಒಂದು ಸಲ ಕೇಳಿ.

ಇಪ್ಪತ್ಮೂರು


ಆಗಸ್ಟ್ 9

ಕ್ರಮಸಂಖ್ಯೆ 23,

ಐದನೇ ನಿಯಮಕ್ಕೆ ನೀವು ಎರಡು ಸಲ ಸಹಿ ಹಾಕಿದ್ದೀರಿ. ಬಾಯಿಲೆಕ್ಕ ಅಂಗಡಿಯಲ್ಲಿ ನಡೆಯುತ್ತದೆ, ಕಾಲೇಜಿನಲ್ಲಿ ನಡೆಯುವುದಿಲ್ಲ. ಒಬ್ಬರನ್ನು ಬಾಯಲ್ಲಿ ಕೇಳಿದರೆ ನಾಳೆ ನಲವತ್ತು ಜನ ಬಾಯಿ ತೆರೆದುಕೊಂಡು ಸಾಲು ನಿಲ್ಲುತ್ತಾರೆ.

ಕೆಲಸದ ಕಡೆಯಿಂದ ಬಂದಿರುವವರ ಪ್ರಗತಿಯನ್ನು ಅವರ ಮೇಲಧಿಕಾರಿಗಳಿಗೆ ತಿಳಿಸುವುದು ಇಲ್ಲಿನ ಪದ್ಧತಿ. ನಿಮ್ಮ ಆಸ್ಪತ್ರೆಗೆ ನಿನ್ನೆ ವರದಿ ಹೋಗಿದೆ. ಅಂಕ: ಸೊನ್ನೆ. ಷರಾ: ನಕಲು ಶಂಕೆ.

ಗೋಡೆಯ ತಮಾಷೆ ಇನ್ನೊಮ್ಮೆ ಬೇಡ.

ಉಪನ್ಯಾಸಕಿ


ಅಕ್ಟೋಬರ್ 22

ಸ್ಕೇಲು,

ಇವತ್ತು ನನಗೆ ಮೇಡಂ ಅನ್ನಲು ಆಗುವುದಿಲ್ಲ. ಬೇಕಾದರೆ ಓದು, ಇಲ್ಲದಿದ್ದರೆ ಹರಿದು ಹಾಕು.

ನಿನ್ನ ವರದಿ ಬಂದ ದಿನ ಆಡಳಿತಾಧಿಕಾರಿ ಔಷಧಿ ಕೋಣೆಗೇ ಬಂದರು. ನರ್ಸುಗಳ ಎದುರು ‘ಏನ್ರೀ, ಈ ವಯಸ್ಸಲ್ಲಿ ಕಾಪಿನಾ?’ ಅಂದರು. ಅವತ್ತಿನಿಂದ ನಾನು ಬೆರೆಸಿದ ಪ್ರತಿ ಬಾಟಲಿಯನ್ನೂ ಇನ್ನೊಬ್ಬರು ಅಳೆದು ನೋಡಿ ಸಹಿ ಹಾಕಬೇಕು. ಎರಡು ತಿಂಗಳಾಯಿತು, ಒಂದು ಹನಿ ವ್ಯತ್ಯಾಸ ಸಿಕ್ಕಿಲ್ಲ. ಆದರೂ ಅಳೆಯುತ್ತಾರೆ. ಡಾಕ್ಟರು ಈಗ ಕಿಟಕಿಗೆ ಬಂದರೆ ನನ್ನ ತಲೆಯ ಮೇಲಿಂದ ಆ ಇನ್ನೊಬ್ಬರನ್ನು ಕೇಳುತ್ತಾರೆ.

ಇವತ್ತು ಬೆಳಿಗ್ಗೆ ಆಪರೇಷನ್ ಕೋಣೆಗೆ ತುರ್ತಾಗಿ ಲೋಷನ್ ಬೇಕಾಗಿತ್ತು. ಬೆರೆಸಿಟ್ಟು ಓಡಿ ಬಂದೆ. ಬಾಗಿಲ ಹತ್ತಿರ ಬಂದಾಗ ಏಳು ಗಂಟೆ ಒಂದು ನಿಮಿಷ. ಬಾಗಿಲ ಗಾಜಿನಲ್ಲಿ ನೀನು ನನ್ನನ್ನು ನೋಡಿದೆ. ಕಣ್ಣಿಗೆ ಕಣ್ಣು ಸಿಕ್ಕಿತು. ಚಿಲಕ ಹಾಕಿರಲಿಲ್ಲ, ಬಾಗಿಲು ಸುಮ್ಮನೆ ಒರಗಿತ್ತು. ನೀನು ಎದ್ದು ಬಂದೆ, ನಾನು ಒಳಗೆ ಕರೆಯುತ್ತೀಯ ಅಂದುಕೊಂಡೆ. ನೀನು ಚಿಲಕ ಹಾಕಿದೆ. ಇದು ಮೂರನೆಯದು. ಇನ್ನೊಂದಾದರೆ ನಾನು ಪರೀಕ್ಷೆಗೇ ಇಲ್ಲ.

ಹಾಗಾಗಿ ನಾವಿಬ್ಬರೂ ಎತ್ತದೆ ಇಟ್ಟಿರುವ ಮಾತನ್ನು ಎತ್ತುತ್ತೇನೆ. ಶಾಲೆಯ ಕೊನೆಯ ಪರೀಕ್ಷೆ. ತೊಟ್ಟಿಯ ಲೆಕ್ಕ. ಒಂದು ನಲ್ಲಿ ಹನ್ನೆರಡು ನಿಮಿಷದಲ್ಲಿ ತೊಟ್ಟಿ ತುಂಬಿಸುತ್ತದೆ, ಇನ್ನೊಂದು ಇಪ್ಪತ್ತು ನಿಮಿಷದಲ್ಲಿ. ಎರಡೂ ಬಿಟ್ಟರೆ ಎಷ್ಟು ಹೊತ್ತು? ನಾನು ತೊಟ್ಟಿಗೆ ಅರವತ್ತು ಬಕೆಟ್ ನೀರು ಅಂದುಕೊಂಡೆ. ಒಂದು ನಲ್ಲಿ ನಿಮಿಷಕ್ಕೆ ಐದು ಬಕೆಟ್, ಇನ್ನೊಂದು ಮೂರು, ಸೇರಿ ಎಂಟು. ಏಳೂವರೆ ನಿಮಿಷ ಅಂತ ಬರೆದು ಪೆನ್ನು ಮುಚ್ಚಿದೆ. ಆಮೇಲೆ ನೀನು ನಿನ್ನ ಕಾಗದದಲ್ಲಿ ಕೊನೆಗೆ ಏಳೂವರೆ ಬರೆದು ಎರಡು ಗೆರೆ ಎಳೆದದ್ದನ್ನು ನೋಡಿದೆ.

ಇಡೀ ತರಗತಿಯಲ್ಲಿ ಸರಿ ಉತ್ತರ ನಮ್ಮಿಬ್ಬರದೇ. ಹೆಡ್‌ಮಾಸ್ಟರು ಎರಡೂ ಕಾಗದ ಮೇಜಿನ ಮೇಲೆ ಹರಡಿ, ‘ಇವಳದ್ದರಲ್ಲಿ ಹಂತ ಇದೆ, ಅವಳದ್ದರಲ್ಲಿ ಇಲ್ಲ. ಕದ್ದೋರು ಯಾರು ಅಂತ ಕುರುಡನಿಗೂ ಗೊತ್ತಾಗತ್ತೆ’ ಅಂದರು. ನಿನ್ನ ಹಂತಗಳನ್ನು ಅವರು ಓದಲೇ ಇಲ್ಲ. ನಾನು ತಲೆಕೆಳಗಾಗಿ ಓದಿದೆ. ಒಂದು ಬೈ ಹನ್ನೆರಡಕ್ಕೆ ಒಂದು ಬೈ ಇಪ್ಪತ್ತು ಕೂಡಿಸಿ ನೀನು ಎರಡು ಬೈ ಮೂವತ್ತೆರಡು ಅಂತ ಬರೆದಿದ್ದೆ! ಅದರಿಂದ ಬರುವುದು ಹದಿನಾರು ನಿಮಿಷ. ಅದರ ಕೆಳಗೇ ಏಳೂವರೆ.

ನಿನ್ನನ್ನು ಕೇಳಿದರು, ‘ಅವಳು ನಿನ್ನದು ನೋಡಿದ್ಲಾ?’ ಅಂತ. ನೀನು ಹೌದು ಅಂತ ತಲೆಯಾಡಿಸಿದೆ. ಬಾಯಿ ಕೂಡ ತೆರೆಯಲಿಲ್ಲ. ನನ್ನನ್ನು ಶಾಲೆಯಿಂದ ತೆಗೆದುಹಾಕಿದರು. ಮೂರು ವಾರಕ್ಕೆ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದೆ.

ಹೋದ ವರ್ಷ ಅಮ್ಮ ತೀರಿಕೊಂಡಳು. ಪ್ರಜ್ಞೆ ಇದ್ದ ಕೊನೆಯ ದಿನವೂ, ‘ಅವತ್ತು ಕಾಪಿ ಹೊಡೀದೆ ಇದ್ದಿದ್ರೆ ನೀನು ಎಲ್ಲಿರ್ತಿದ್ದೆ’ ಅಂದಳು. ನಾನು ಅವಳ ಕಾಲು ಒತ್ತುತ್ತಾ ಕೂತಿದ್ದೆ.

ನನಗೆ ನಿನ್ನಿಂದ ಬೇರೇನೂ ಬೇಡ. ನಲವತ್ತು ಅಂಕ ಸಾಕು.

ಎಡಚಿ


ಅಕ್ಟೋಬರ್ 28

ಕ್ರಮಸಂಖ್ಯೆ 23,

ಇಪ್ಪತ್ತಾರು ವರ್ಷದ ಹಿಂದಿನ ಸಂಗತಿ ಪಠ್ಯಕ್ರಮದಲ್ಲಿಲ್ಲ. ನಿಮ್ಮ ಪತ್ರವನ್ನು ನೀವೇ ಹೇಳಿದಂತೆ ಹರಿದು ಹಾಕಿದ್ದೇನೆ.

ಭಿನ್ನರಾಶಿಗಳನ್ನು ಕೂಡುವ ಇನ್ನೂರು ಲೆಕ್ಕಗಳನ್ನು ಲಗತ್ತಿಸಿದ್ದೇನೆ. ಹಂತ ಬರೆಯಲು ಬರುವುದಿಲ್ಲ ಎಂದಿರಲ್ಲ, ಕಲಿಯಿರಿ. ಸೋಮವಾರ ಬೆಳಿಗ್ಗೆ ಏಳರೊಳಗೆ ಕೊಡಬೇಕು. ಇದು ನಿಮಗೊಬ್ಬರಿಗೇ. ಕೊಡದಿದ್ದರೆ ನಾಲ್ಕನೆಯ ಗೈರುಹಾಜರಿ ಎಂದು ಬರೆದುಕೊಳ್ಳುತ್ತೇನೆ.

ಉಪನ್ಯಾಸಕಿ


ಜನವರಿ 15

ಮೇಡಂ ಅವರಿಗೆ,

ಇನ್ನೂರರ ಮೇಲೆ ಇನ್ನೂರು, ಅದರ ಮೇಲೆ ನೂರೈವತ್ತು ಮಾಡಿದ್ದೇನೆ. ಹಂತ ಬರೆಯುವುದು ಬಂತು. ಬಂದದ್ದು ಹೇಗೆ ಅಂತ ಕೇಳಿದರೆ ನಿಮಗೆ ಇಷ್ಟವಾಗಲಿಕ್ಕಿಲ್ಲ. ಮೊದಲು ಉತ್ತರವನ್ನು ಹಾಳೆಯ ಕೊನೆಯಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಅಲ್ಲಿಂದ ಮೇಲಕ್ಕೆ ಒಂದೊಂದೇ ಸಾಲು ಕಟ್ಟುತ್ತಾ ಹೋಗುತ್ತೇನೆ. ಹೊತ್ತು ಮಾತ್ರ ಹಿಡಿಯುತ್ತದೆ. ಮೂರು ಗಂಟೆಯಲ್ಲಿ ಅರ್ಧ ಪ್ರಶ್ನೆಪತ್ರಿಕೆ ಮುಗಿದರೆ ಹೆಚ್ಚು.

ನಮ್ಮನೆಯವರು ಬಸ್ ಕಂಡಕ್ಟರು. ನಾನು ಬರೆಯುವುದನ್ನು ನೋಡಿ, ‘ಬಸ್ ಹತ್ತಿಸಾದ್ಮೇಲೆ ಟಿಕೆಟ್ ಕೊಡೋದು ಗೊತ್ತು, ಇಳಿಸಾದ್ಮೇಲೆ ಕೊಡೋದು ಇದೇ ಮೊದಲು ನೋಡ್ತಿರೋದು’ ಅಂತ ರೇಗಿಸುತ್ತಾರೆ. ಆದರೆ ಅವರೇ ಅಡುಗೆ ಮಾಡಿ, ಪಾತ್ರೆ ತೊಳೆದು, ನನ್ನನ್ನು ಮೇಜು ಬಿಟ್ಟು ಏಳಲು ಬಿಡುತ್ತಿಲ್ಲ. ಪಾಸಾದರೆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರಂತೆ.

ನೀವು ಹೋದ ವಾರ ನನ್ನ ಪುಸ್ತಕ ತಿದ್ದುವಾಗ ಒಂದು ಪುಟದಲ್ಲಿ ಏನೂ ಬರೆಯದೆ ಸಣ್ಣದೊಂದು ಸರಿ ಗುರುತು ಹಾಕಿದ್ದೀರಿ. ಅದನ್ನು ನಮ್ಮನೆಯವರಿಗೆ ಮೂರು ಸಲ ತೋರಿಸಿದೆ.

ಇಪ್ಪತ್ಮೂರು


ಮಾರ್ಚ್ 8

ಕ್ರಮಸಂಖ್ಯೆ 23,

ಅಂತಿಮ ಪರೀಕ್ಷೆಯಲ್ಲಿ ನಿಮ್ಮ ಅಂಕ ನೂರಕ್ಕೆ ಮೂವತ್ತನಾಲ್ಕು. ಅನುತ್ತೀರ್ಣ.

ನೀವು ಮುಟ್ಟಿದ್ದು ಐದು ಪ್ರಶ್ನೆಗಳನ್ನು. ನಾಲ್ಕಕ್ಕೆ ಹಂತ ಸಹಿತ ಉತ್ತರವಿದೆ, ಅಲ್ಲಲ್ಲಿ ಬಿಟ್ಟ ಹಂತಗಳಿಗೆ ಕಳೆದು ಅಂಕ ಕೊಟ್ಟಿದ್ದೇನೆ. ಎಂಟನೆಯದು, ನಲ್ಲಿ ಮತ್ತು ತೊಟ್ಟಿಯ ಲೆಕ್ಕ, ಹತ್ತು ಅಂಕದ್ದು. ಅಲ್ಲಿ ನೀವು ‘ಏಳೂವರೆ ನಿಮಿಷ. ಹಂತಗಳು ನಿನ್ನ ಹತ್ತಿರ ಇವೆ’ ಎಂದು ಬರೆದಿದ್ದೀರಿ. ಐದನೇ ನಿಯಮದಂತೆ ಸೊನ್ನೆ.

ಫಲಿತಾಂಶದ ಪ್ರತಿ ನಿಮ್ಮ ಆಸ್ಪತ್ರೆಗೆ ಹೋಗಿದೆ. ಅಂಕಪಟ್ಟಿಯಲ್ಲಿ ತಿದ್ದುಪಡಿ ಏನಿದ್ದರೂ ಮಾರ್ಚ್ 31ರವರೆಗೆ ಮಾತ್ರ, ಅದೂ ಉಪನ್ಯಾಸಕರು ಬರೆದು ಕೊಟ್ಟರೆ.

ಉಪನ್ಯಾಸಕಿ


ಮಾರ್ಚ್ 11

ಸ್ಕೇಲು,

ಆ ಲೆಕ್ಕವನ್ನೇ ಯಾಕೆ ಕೊಟ್ಟೆ? ಹನ್ನೆರಡು, ಇಪ್ಪತ್ತು, ಒಂದು ಅಂಕಿಯನ್ನೂ ಬದಲಾಯಿಸದೆ. ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಆಮೇಲೆ, ಇದು ನನಗೋಸ್ಕರ ಇಟ್ಟದ್ದು, ಕೊನೆಗೂ ಇವಳಿಗೆ ಮನಸ್ಸು ಕರಗಿತು ಅಂದುಕೊಂಡೆ. ನಾನೆಂಥ ಪೆದ್ದಿ!

ಅದಕ್ಕೆ ಹಂತ ಬರೆಯಲು ನನಗೆ ಬರುತ್ತಿತ್ತು, ನಿನಗೂ ಗೊತ್ತು. ಆದರೆ ಕೈ ಏಳಲಿಲ್ಲ. ಅಲ್ಲಿ ಹಂತ ಬರೆದರೆ ಅವತ್ತು ನಾನು ಬರೆದದ್ದು ಸಾಲದಾಗಿತ್ತು ಅಂತ ನನ್ನ ಕೈಯಿಂದಲೇ ಒಪ್ಪಿಕೊಂಡ ಹಾಗೆ. ಸೊಕ್ಕು ಅನ್ನು, ಏನು ಬೇಕಾದರೂ ಅನ್ನು. ಮೂರು ಗಂಟೆ ಹೊತ್ತು ಆ ಸೊಕ್ಕು ಸರಿ ಅನ್ನಿಸಿತು. ಈಗ ಅನ್ನಿಸುತ್ತಿಲ್ಲ.

ಹತ್ತು ಬೇಡ. ಆರು ಕೊಡು. ನಿನ್ನ ಎರಡು ಸಾಲು ಬರಹ, ಅಷ್ಟೇ. ಯಾರಿಗೂ ಹೇಳುವುದಿಲ್ಲ, ಅವತ್ತಿನದನ್ನೂ ಇನ್ನು ಎತ್ತುವುದಿಲ್ಲ. ವರಾಂಡದಲ್ಲಿ ಅಳಬಾರದು ಅಂದಿದ್ದೆಯಲ್ಲ, ಮನೆಯಲ್ಲಿ ಅತ್ತು ಮುಗಿಸಿ ಬರೆಯುತ್ತಿದ್ದೇನೆ. ಮೂವತ್ತೊಂದರವರೆಗೆ ದಿನಾ ಬಂದು ಪೆಟ್ಟಿಗೆ ನೋಡುತ್ತೇನೆ.

ಎಡಚಿ


ಏಪ್ರಿಲ್ 2

ಎಡಚಿ,

ನಿನ್ನ ಮನೆಯ ವಿಳಾಸವನ್ನು ಪ್ರವೇಶದ ಅರ್ಜಿಯಿಂದ ತೆಗೆದುಕೊಂಡೆ. ನಿನ್ನೆ ಅಂಕಪಟ್ಟಿಗೆ ಮೊಹರು ಬಿತ್ತು. ಇನ್ನು ಯಾರೂ ಏನೂ ಮಾಡುವಂತಿಲ್ಲ. ಅದಾದ ಮೇಲೆಯೇ ನಿನಗೆ ಬರೆಯಬೇಕೆಂದು ಕಾದಿದ್ದೆ. ಮೊದಲೇ ಬರೆದಿದ್ದರೆ ಅಂಕ ಕೊಟ್ಟುಬಿಡುತ್ತಿದ್ದೆನೇನೋ.

ನೀನು ದಿನಾ ಬಂದು ಪೆಟ್ಟಿಗೆಯಲ್ಲಿ ಕೈಹಾಕಿ ನೋಡುತ್ತಿದ್ದುದು ಸ್ಟಾಫ್ ರೂಮಿನ ಕಿಟಕಿಯಿಂದ ಕಾಣುತ್ತಿತ್ತು. ಇಪ್ಪತ್ತು ದಿನ.

ನಿನಗೆ ಕೊಟ್ಟರೆ ಐದನೇ ನಿಯಮ ಉಳಿಯುವುದಿಲ್ಲ. ಆ ನಿಯಮ ಹೋದರೆ ನಾನು ಇಷ್ಟು ವರ್ಷ ಫೇಲು ಮಾಡಿದವರಿಗೆಲ್ಲ ಏನು ಹೇಳಲಿ? ನಿನಗಿದು ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಪ್ರತಿ ವರ್ಷ ಭಿನ್ನರಾಶಿ ಕೂಡುವುದನ್ನು ಮೂರು ಮೂರು ಸಲ ಹೇಳಿಕೊಡುತ್ತೇನೆ. ಯಾಕೆ ಎಂದು ಕೇಳಬೇಡ.

ಆಗಿದ್ದು ಆಗಿಹೋಯಿತು. ನಾವು ಆಗ ಚಿಕ್ಕವರು. ನನ್ನಿಂದ ಏನಾದರೂ ನೋವಾಗಿದ್ದರೆ ಕ್ಷಮಿಸು. ಒಂದು ಸಾಲು ಬರೆದು ತಿಳಿಸಿದರೆ ನನಗೆ ಸಮಾಧಾನ.

ನಿನ್ನ
ಸ್ಕೇಲು


ಏಪ್ರಿಲ್ 9

ಮೇಡಂ ಅವರಿಗೆ,

ನಿಮ್ಮ ಪತ್ರ ತಲುಪಿತು. ಲಾಂಡ್ರಿಯಲ್ಲಿ ಮಧ್ಯಾಹ್ನ ಯಂತ್ರ ನಿಲ್ಲಿಸುವ ಅರ್ಧ ಗಂಟೆಯಲ್ಲಿ ಬರೆಯುತ್ತಿದ್ದೇನೆ. ಹಬೆಗೆ ಕಾಗದ ಮೆತ್ತಗಾಗುತ್ತದೆ, ಅಕ್ಷರ ಹರಡಿದ್ದರೆ ಅದಕ್ಕೆ. ರಕ್ತ ಹತ್ತಿದ ಚಾದರಗಳನ್ನು ಬೇರೆ ಹಾಕಬೇಕು, ತಣ್ಣೀರಲ್ಲಿ ನೆನೆಸಬೇಕು. ಎಡ ಭುಜ ರಾತ್ರಿ ಹಿಡಿದುಕೊಳ್ಳುತ್ತದೆ. ಉಳಿದಂತೆ ಇಲ್ಲಿಯವರು ಒಳ್ಳೆಯವರು.

ಔಷಧಿ ಕೋಣೆಗೆ ಪಾಸಾದ ಕಾಗದ ಇರುವವರೊಬ್ಬರು ಬಂದಿದ್ದಾರೆ. ನಿಮ್ಮ ತರಗತಿಯವರೇ, ಎರಡನೇ ಸಾಲಿನಲ್ಲಿ ಕೂರುತ್ತಿದ್ದರು. ಹಂತ ಬಹಳ ಚೆನ್ನಾಗಿ ಬರೆಯುತ್ತಾರೆ. ದಿನಕ್ಕೆ ಎರಡು ಸಲ ಮೆಟ್ಟಿಲಿಳಿದು ಬಂದು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ‘ಅಕ್ಕಾ, ಇದು ಎಷ್ಟಾಗತ್ತೆ?’ ಅಂತ ಕೇಳುತ್ತಾರೆ. ಹೇಳುತ್ತೇನೆ. ಮೇಲೆ ಮಲಗಿರುವ ರೋಗಿಗಳು ನನಗೇನು ಮಾಡಿದ್ದಾರೆ?

ನಮ್ಮನೆಯವರು ಗೋಡೆಗೆ ಹೊಡೆದಿದ್ದ ಮೊಳೆ ಹಾಗೇ ಇದೆ. ಕೀಳಬೇಡಿ ಅಂದಿದ್ದೇನೆ.

ಇನ್ನು ನೀವು ಕೇಳಿದ ಒಂದು ಸಾಲು. ನಿಮ್ಮ ಪತ್ರವನ್ನು ತಿದ್ದಿ ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಕೆಂಪು ಪೆನ್ನು ಇರಲಿಲ್ಲ, ಚಾದರದ ಮೇಲೆ ವಾರ್ಡಿನ ನಂಬರು ಬರೆಯುವ ಪೆನ್ನಿನಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ‘ಕ್ಷಮಿಸು’ ಅಂತ ಉತ್ತರ ಇದೆ. ಉತ್ತರ ಸರಿ. ಆದರೆ ಯಾರ ಕಾಗದ ಯಾರು ನೋಡಿದರು, ಹೆಡ್‌ಮಾಸ್ಟರು ಕೇಳಿದಾಗ ತಲೆಯಾಡಿಸಿದ್ದು ಯಾರು, ಎರಡು ಬೈ ಮೂವತ್ತೆರಡರಿಂದ ಏಳೂವರೆ ಬಂದದ್ದು ಹೇಗೆ, ಬಾಗಿಲಿಗೆ ಎದ್ದು ಬಂದು ಚಿಲಕ ಹಾಕಿದ್ದು ಯಾಕೆ, ಇಪ್ಪತ್ತು ದಿನ ಕಿಟಕಿಯಲ್ಲಿ ನಿಂತು ನೋಡಿದ್ದು ಯಾಕೆ, ಒಂದನ್ನೂ ಬರೆದಿಲ್ಲ. ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಒಂದೇ ಒಂದು ಹಂತ ಇಲ್ಲ.

ಐದನೇ ನಿಯಮದಂತೆ ಸೊನ್ನೆ ಕೊಟ್ಟಿದ್ದೇನೆ. ಕೆಳಗೆ ಎರಡು ಗೆರೆ ಎಳೆದಿದ್ದೇನೆ, ಸ್ಕೇಲಿಲ್ಲದೆ, ಸ್ವಲ್ಪ ಸೊಟ್ಟಗಿದೆ.

ಮರುಪರೀಕ್ಷೆ ಇಲ್ಲ.

ಎಡಚಿ